ಅನ್ನ ಹಾಕಿದ ಕೈ, ಕತ್ತಿ ಹಿಡಿದ ಕೈ

1

ದಾನ ಮಾಡುವ ಕೈಯನ್ನು ಪ್ರಶ್ನಿಸಬಾರದು ಎಂಬುದು ನಮ್ಮಲ್ಲಿ ಬಹಳ ಆಳಕ್ಕೆ ಇಳಿದಿರುವ ನಂಬಿಕೆ. ಅನ್ನ ಹಾಕಿದ್ದಾರೆ, ಅಕ್ಷರ ಕಲಿಸಿದ್ದಾರೆ, ತಂದೆತಾಯಿ ಇಲ್ಲದ ಮಕ್ಕಳಿಗೆ ನೆಲೆ ಕೊಟ್ಟಿದ್ದಾರೆ, ಇಷ್ಟೆಲ್ಲ ಆದಮೇಲೂ ಹಳೇ ರಕ್ತದ ಕಥೆ ಯಾಕ್ರೀ ಕೆದಕ್ತೀರಿ ಅಂತ ಕೇಳುವವರಿದ್ದಾರೆ. ಕೇಳುವವರೆಲ್ಲ ಮೇಲ್ಜಾತಿಯ ಯಜಮಾನರೇನಲ್ಲ. ಎಷ್ಟೋ ಸಲ ನಮ್ಮ ಗೆಳೆಯರೇ, ನಮ್ಮ ಕೇರಿಯ ಹಿರಿಯರೇ ಕೇಳುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ತಳ್ಳಿಹಾಕದೆ ಎದುರಿಗಿಟ್ಟುಕೊಂಡು ನೋಡಬೇಕು: ಒಂದು ಧರ್ಮಸಂಸ್ಥೆ ಮಾಡಿದ ಸೇವೆ ಅದು ನಡೆಸಿದ ಧರ್ಮಯುದ್ಧಗಳಿಗಿಂತ ಹೆಚ್ಚು ತೂಗುತ್ತದೆಯೇ?

ಇದನ್ನು ನಾನು ಒಂದು ಕಲ್ಪಿತ ಸಂಸ್ಥೆಯ ಮೂಲಕ ಬಿಡಿಸಲು ನೋಡುತ್ತೇನೆ. ಕೆನಡಾದ ಬಯೋವೇರ್ ಎಂಬ ಕಂಪನಿ 2009ರಲ್ಲಿ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬ ವಿಡಿಯೋ ಗೇಮ್ ಹೊರತಂದಿತು. ಮುಂದಿನ ಭಾಗಗಳು 2011, 2014 ಮತ್ತು 2024ರಲ್ಲಿ ಬಂದವು. ಥೆಡಸ್ ಎಂಬ ಖಂಡದಲ್ಲಿ ಕಥೆ ನಡೆಯುತ್ತದೆ. ಅಲ್ಲಿ ಮನುಷ್ಯರಿದ್ದಾರೆ, ನೆಲದಡಿಯಲ್ಲಿ ಬದುಕುವ ಕುಳ್ಳರಿದ್ದಾರೆ, ಕೊಂಬಿನ ಕುನಾರಿಗಳಿದ್ದಾರೆ, ಚೂಪು ಕಿವಿಯ ಎಲ್ಫ್‌ಗಳಿದ್ದಾರೆ. ಮನುಷ್ಯರ ಬಹುಪಾಲು ದೇಶಗಳ ಧರ್ಮವನ್ನು ನಡೆಸುವ ಸಂಸ್ಥೆಯ ಹೆಸರು ಚಾಂಟ್ರಿ. ಈ ಆಟ ಆಡುವವರಲ್ಲಿ ಚಾಂಟ್ರಿಯ ಬಗ್ಗೆ ಎರಡು ಪಕ್ಷಗಳಿವೆ. ಅದು ಬಡವರ ತಾಯಿ ಎನ್ನುವವರು ಒಂದು ಕಡೆ, ಅದು ಕೊಲೆಗಡುಕ ಎನ್ನುವವರು ಇನ್ನೊಂದು ಕಡೆ.

ಇದೇನಪ್ಪಾ, ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಹುಡುಗರ ಆಟ ಅಂತ ಹುಬ್ಬೇರಿಸುವವರಿಗೆ ಒಂದು ಮಾತು. ಶಂಬೂಕನ ತಲೆ, ಏಕಲವ್ಯನ ಹೆಬ್ಬೆರಳು, ಇವನ್ನು ಕೆಳಗಿನಿಂದ ಓದುವುದನ್ನು ನಾವು ಕಲಿತಿದ್ದೇವೆ. ಆ ಕಥೆಗಳು ನಡೆದವೋ ಇಲ್ಲವೋ ಎಂಬುದು ನಮಗೆ ಮುಖ್ಯವಾಗಲಿಲ್ಲ. ಅವು ಯಾರ ಪರವಾಗಿ ನ್ಯಾಯ ಹೇಳುತ್ತವೆ ಎಂಬುದು ಮುಖ್ಯವಾಯಿತು. ಈಗ ನಮ್ಮ ಹಾಸ್ಟೆಲ್ ಹುಡುಗರು ರಾತ್ರಿ ಎಚ್ಚರವಿದ್ದು ಆಡುವ ಆಟಗಳೂ ಹೊಸ ಕಾಲದ ಪುರಾಣಗಳೇ. ಅಲ್ಲಿಯೂ ದೇವರಿದ್ದಾನೆ, ಯುದ್ಧವಿದೆ, ಊರ ಅಂಚಿಗೆ ಗೋಡೆ ಕಟ್ಟಿಸಿಕೊಂಡ ಕೇರಿ ಇದೆ. ಅದನ್ನು ಓದದೆ ಬಿಟ್ಟರೆ ಬೇರೆಯವರು ಓದಿಕೊಡುತ್ತಾರೆ.

2

ಮೊದಲು ಚಾಂಟ್ರಿ ಹುಟ್ಟಿದ್ದು ಹೇಗೆ ಅಂತ ನೋಡೋಣ. ಕಥೆಯ ಪ್ರಕಾರ ಟೆವಿಂಟರ್ ಎಂಬ ಮಾಂತ್ರಿಕರ ಸಾಮ್ರಾಜ್ಯ ಖಂಡದ ಬಹುಭಾಗವನ್ನು ಆಳುತ್ತಿತ್ತು. ಎಲ್ಫ್‌ಗಳು ಅಲ್ಲಿ ಗುಲಾಮರು. ಆಂಡ್ರಾಸ್ತೆ ಎಂಬ ಹೆಂಗಸು ಮೇಕರ್ ಎಂಬ ಒಬ್ಬನೇ ಸೃಷ್ಟಿಕರ್ತನ ಹೆಸರಿನಲ್ಲಿ ಆ ಸಾಮ್ರಾಜ್ಯದ ಮೇಲೆ ದಂಡೆತ್ತಿ ಹೋದಳು. ಶಾರ್ಟನ್ ಎಂಬ ಎಲ್ಫ್ ಗುಲಾಮ ತನ್ನ ಜನರನ್ನು ಬಂಡಾಯವೆಬ್ಬಿಸಿ ಅವಳ ಜೊತೆ ನಿಂತ. ಕೊನೆಗೆ ಆಂಡ್ರಾಸ್ತೆಯ ಗಂಡ ಮಾಫೆರಾತ್ ಅವಳನ್ನು ಶತ್ರುವಿಗೆ ಹಿಡಿದುಕೊಟ್ಟ. ಟೆವಿಂಟರಿನ ದೊರೆ ಹೆಸ್ಸಾರಿಯನ್ ಅವಳನ್ನು ಕಂಬಕ್ಕೆ ಕಟ್ಟಿ ಸುಡಿಸಿದ. ಉರಿಯುತ್ತಿರುವಾಗ ನೋಡಲಾರದೆ ಕತ್ತಿಯಿಂದ ತಿವಿದು ನೋವು ಮುಗಿಸಿದ. ಆಮೇಲೆ ಪಶ್ಚಾತ್ತಾಪಪಟ್ಟು ಅವಳ ಧರ್ಮಕ್ಕೇ ಸೇರಿದ.

ಗುಲಾಮರು ಮಾಡಿದ ಸಹಾಯಕ್ಕೆ ಪ್ರತಿಯಾಗಿ ಮಾಫೆರಾತ್‌ನ ಮಕ್ಕಳು ಎಲ್ಫ್‌ಗಳಿಗೆ ಡೇಲ್ಸ್ ಎಂಬ ನಾಡನ್ನು ಬಿಟ್ಟುಕೊಟ್ಟರು. ಅದು ಅವರಿಗೆ ರಕ್ತ ಸುರಿಸಿ ಗಳಿಸಿದ ಭೂಮಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಂಡ್ರಾಸ್ತೆಯ ಭಕ್ತರು ಹಲವು ಪಂಗಡಗಳಾಗಿ ಹರಡಿದ್ದರು. ಅವನ್ನು ಒಂದು ಸಂಸ್ಥೆಯಾಗಿ ಕಟ್ಟಿದವನು ಸಂತನಲ್ಲ. ಓರ್ಲೆ ಎಂಬ ದೇಶದ ರಾಜ, ಕಾರ್ಡಿಲಸ್ ಡ್ರೇಕನ್. ಅವನು ನೆರೆಯ ನಗರರಾಜ್ಯಗಳನ್ನು ಧರ್ಮದ ಹೆಸರಿನಲ್ಲಿ ಗೆದ್ದು, ತನಗೆ ಸಾಮ್ರಾಜ್ಯವನ್ನೂ ಧರ್ಮಕ್ಕೆ ಪೀಠವನ್ನೂ ಒಟ್ಟಿಗೆ ಮಾಡಿದ. ಪೀಠದಲ್ಲಿ ಕೂರುವವಳಿಗೆ ಡಿವೈನ್ ಎಂದು ಹೆಸರು. ಟೆವಿಂಟರಿನವರು ಮುಂದೆ ಒಡೆದುಹೋಗಿ ಗಂಡಸರನ್ನೇ ಪೀಠಕ್ಕೆ ಕೂರಿಸಿಕೊಂಡರು. ಉಳಿದ ಕಡೆ ಡಿವೈನ್ ಯಾವತ್ತೂ ಹೆಂಗಸೇ, ಪುರೋಹಿತರೂ ಹೆಂಗಸರೇ. ಹೆಣ್ಣು ಪೀಠದ ಮೇಲೆ ಕೂತ ಮಾತ್ರಕ್ಕೆ ಪೀಠದ ಗುಣ ಬದಲಾಗುವುದಿಲ್ಲ ಎಂಬುದನ್ನೂ ಈ ಕಥೆ ಹೇಳುತ್ತದೆ.

ಇವರ ನಂಬಿಕೆಯ ತಿರುಳು ಇಷ್ಟು: ಮನುಷ್ಯರ ಪಾಪದಿಂದ ಮೇಕರ್ ಲೋಕಕ್ಕೆ ಬೆನ್ನು ಹಾಕಿದ್ದಾನೆ. ಅವನ ಸ್ತೋತ್ರಗ್ರಂಥವನ್ನು ಲೋಕದ ನಾಲ್ಕೂ ಮೂಲೆಗಳಲ್ಲಿ ಹಾಡಿದ ದಿನ ಮರಳಿ ಬರುತ್ತಾನೆ. ಕೇಳಲಿಕ್ಕೆ ಎಷ್ಟು ಸೊಗಸು. ಆದರೆ ಸ್ವಲ್ಪ ಯೋಚಿಸಿ. ಎಲ್ಲರೂ ಹಾಡುವ ತನಕ ದೇವರು ಬರುವುದಿಲ್ಲ ಎಂದಮೇಲೆ ಹಾಡದೆ ಉಳಿದವನು ಎಲ್ಲರ ಮೋಕ್ಷಕ್ಕೂ ಅಡ್ಡಿಯಾದ ಹಾಗಾಯಿತು. ಅವನ ಬಾಯಿಂದ ಹಾಡಿಸಲು ಎರಡು ದಾರಿಗಳಿವೆ. ಒಂದು ಅನ್ನ, ಇನ್ನೊಂದು ಕತ್ತಿ. ಎರಡೂ ಒಂದೇ ನಂಬಿಕೆಯಿಂದ ಹೊರಟವು.

3

ಅನ್ನದ ಕಡೆಯನ್ನು ಮೊದಲು ನ್ಯಾಯವಾಗಿ ಹೇಳಬೇಕು. ಮೊದಲ ಆಟದಲ್ಲಿ ಲೋದರಿಂಗ್ ಎಂಬ ಹಳ್ಳಿ ಬರುತ್ತದೆ. ದಕ್ಷಿಣದಿಂದ ಪಿಶಾಚಿಗಳ ದಂಡು ನುಗ್ಗಿ ಬರುತ್ತಿದೆ, ರಾಜ ಸತ್ತಿದ್ದಾನೆ, ಊರಿನ ಪ್ರಭು ಸೈನ್ಯ ಕಟ್ಟಿಕೊಂಡು ಹೊರಟುಹೋಗಿದ್ದಾನೆ. ಹೊಲಮನೆ ಬಿಟ್ಟು ಬಂದ ನಿರಾಶ್ರಿತರು ಬಯಲಲ್ಲಿ ಡೇರೆ ಹಾಕಿಕೊಂಡು ಕೂತಿದ್ದಾರೆ. ಆಗ ಉಳಿದಿರುವುದು ಚಾಂಟ್ರಿ ಒಂದೇ. ಅದರ ಯೋಧರು ಕೈಲಾದಷ್ಟು ಕಾವಲು ಕಾಯುತ್ತಾರೆ. ಒಬ್ಬ ವ್ಯಾಪಾರಿ ಸಂಕಟದ ಸಮಯ ನೋಡಿ ಬೆಲೆ ಏರಿಸಿದಾಗ ಅವನ ಎದುರು ನಿಂತು ಜಗಳ ಕಾಯುವವಳೂ ಚಾಂಟ್ರಿಯ ಒಬ್ಬ ಹೆಂಗಸೇ. ರೆಡ್‌ಕ್ಲಿಫ್ ಎಂಬ ಇನ್ನೊಂದು ಊರಲ್ಲಿ ಹೆಣಗಳು ರಾತ್ರಿ ಎದ್ದು ಬಂದು ದಾಳಿ ಮಾಡುವಾಗ ಹೆಂಗಸರು ಮಕ್ಕಳೆಲ್ಲ ಸೇರಿಕೊಳ್ಳುವುದು ಚಾಂಟ್ರಿಯ ಕಟ್ಟಡದೊಳಕ್ಕೆ. 2014ರ ಆಟದಲ್ಲಿ ಮದರ್ ಜಿಸೆಲ್ ಎಂಬಾಕೆ ಯುದ್ಧದ ನಡುವೆ ಗಾಯಾಳುಗಳ ಹತ್ತಿರವೇ ಇರುತ್ತಾಳೆ. ಅವಳ ಕರುಣೆ ನಾಟಕದ್ದಲ್ಲ.

ಹಸಿದವನಿಗೆ ಅನ್ನ ಹಾಕಿದವರ ಮೇಲೆ ಕಲ್ಲೆಸೆಯುವುದು ವಿಮರ್ಶೆಯಲ್ಲ. ನಾನೂ ಒಂದು ಧಾರ್ಮಿಕ ಸಂಸ್ಥೆಯ ಉಚಿತ ಹಾಸ್ಟೆಲಿನಲ್ಲಿ ಉಂಡು ಓದಿದವನು. ಆ ಮುದ್ದೆ ಸಾರು ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ. ಹಸಿವು ಎಂಬುದು ಸಿದ್ಧಾಂತ ಕಾಯುವಂಥದ್ದಲ್ಲ. ಉಂಡವನದ್ದು ಅಪರಾಧವಲ್ಲ, ಬಡಿಸಿದವಳದ್ದೂ ಅಲ್ಲ.

ಆದರೆ ಅದೇ ಲೋದರಿಂಗಿನ ಇನ್ನೊಂದು ತುದಿಗೆ ಒಂದು ಪಂಜರವಿದೆ. ಸ್ಟೆನ್ ಎಂಬ ಕುನಾರಿ ಅದರೊಳಗಿದ್ದಾನೆ. ಒಂದು ರೈತ ಕುಟುಂಬವನ್ನು ಕೊಂದವನು; ತಪ್ಪನ್ನು ತಾನೇ ಒಪ್ಪಿಕೊಂಡವನು. ಬರುತ್ತಿರುವ ಪಿಶಾಚಿಗಳ ಬಾಯಿಗೆ ಬೀಳಲಿ ಅಂತ ಅವನನ್ನು ಬಿಡಲಾಗಿದೆ. ಪಂಜರದ ಬೀಗದ ಕೈ ಎಲ್ಲಿದೆ? ನಿರಾಶ್ರಿತರಿಗೆ ಆಸರೆಯಾದ ಅದೇ ಹಿರಿಯ ಪೂಜಾರಿಣಿಯ ಹತ್ತಿರ. ಸ್ಟೆನ್‌ನದ್ದು ಕೊಲೆಯೇ, ಅನುಮಾನವಿಲ್ಲ. ನಾನು ಹೇಳುತ್ತಿರುವುದು ಅಧಿಕಾರದ ಮಾತು. ಅನ್ನದ ಚೀಲವೂ ಪಂಜರದ ಕೀಲಿಯೂ ಒಂದೇ ಸೊಂಟದಲ್ಲಿ ನೇತಾಡುತ್ತವೆ. ಯಾರಿಗೆ ಯಾವುದು ಎಂದು ತೀರ್ಮಾನಿಸುವವರೂ ಒಬ್ಬರೇ.

4

ಇನ್ನು ಕತ್ತಿಯ ಕಡೆ. ಚಾಂಟ್ರಿ ಕರೆ ಕೊಡುವ ಧರ್ಮಯುದ್ಧಕ್ಕೆ ಎಕ್ಸಾಲ್ಟೆಡ್ ಮಾರ್ಚ್ ಎಂದು ಹೆಸರು. ಪವಿತ್ರ ದಂಡಯಾತ್ರೆ ಅಂತ ಇಟ್ಟುಕೊಳ್ಳಿ. ಥೆಡಸ್‌ನಲ್ಲಿ ನೂರು ವರ್ಷಕ್ಕೆ ಒಂದು ಯುಗ. 2:9 ಎಂದರೆ ಎರಡನೇ ಯುಗದ ಒಂಬತ್ತನೇ ವರ್ಷ. ಆ ವರ್ಷ ಎಲ್ಫ್‌ಗಳು ಗಡಿಯಾಚೆಯ ರೆಡ್ ಕ್ರಾಸಿಂಗ್ ಎಂಬ ಹಳ್ಳಿಯ ಮೇಲೆ ಬಿದ್ದರು. ಯುದ್ಧ ಹೊತ್ತಿಕೊಂಡಿತು. ಎಲ್ಫ್‌ಗಳ ಸೈನ್ಯ ಮೊದಲು ಗೆಲ್ಲುತ್ತಾ ಮುನ್ನುಗ್ಗಿತು. ಡಿವೈನ್ ಒಂದನೇ ರೆನಾಟಾ ಡೇಲ್ಸ್ ಮೇಲೆ ಪವಿತ್ರ ದಂಡಯಾತ್ರೆಯನ್ನು ಸಾರಿದಳು. 2:20ರ ಹೊತ್ತಿಗೆ ಡೇಲ್ಸ್ ಎಂಬ ನಾಡು ಇರಲಿಲ್ಲ. ಅದರ ರಾಜಧಾನಿ ಹಲಾಂಶಿರಾಲ್ ಓರ್ಲೆಯ ಪಾಲಾಯಿತು.

ಸೋತವರ ಮುಂದೆ ಎರಡು ದಾರಿ ಇಟ್ಟರು. ನಿಮ್ಮ ದೇವರುಗಳನ್ನು ಬಿಟ್ಟು ಮೇಕರನನ್ನು ಒಪ್ಪಿ, ಮನುಷ್ಯರ ನಗರಗಳ ಒಳಗೆ ನಿಮಗೆಂದು ಗೋಡೆ ಕಟ್ಟಿದ ಜಾಗದಲ್ಲಿ ಇರಿ. ಇಲ್ಲವೇ ಮನೆ ಇಲ್ಲದೆ ಅಲೆಯಿರಿ. ಅಲೆದವರು ಡೇಲಿಶ್ ಎನಿಸಿಕೊಂಡರು. ಒಳಗೆ ಉಳಿದವರ ಜಾಗಕ್ಕೆ ಏಲಿಯನೇಜ್ ಎಂದು ಹೆಸರು, ಅಂದರೆ ಪರಕೀಯರ ಬೀಡು. ನಮಗೆ ಈ ಹೆಸರಿನ ಅನುವಾದ ಬೇಕಾಗಿಲ್ಲ. ಕೇರಿ ಎಂದರೆ ಸಾಕು.

ಡೇಲ್ಸ್ ಒಂದೇ ಅಲ್ಲ. ಒಡೆದುಹೋದ ಟೆವಿಂಟರಿನ ಮೇಲೂ, ಉತ್ತರದಿಂದ ಬಂದ ಕುನಾರಿಗಳ ಮೇಲೂ ದಂಡಯಾತ್ರೆಗಳು ನಡೆದವು. ರಿವೇನ್ ಎಂಬ ದೇಶದಲ್ಲಿ ಕುನಾರಿಗಳ ಧರ್ಮಕ್ಕೆ ಹೋಗಿದ್ದ ಸಾಮಾನ್ಯ ಜನ ಯುದ್ಧ ಮುಗಿದ ಮೇಲೂ ಮರಳಿ ಬರಲು ಒಪ್ಪಲಿಲ್ಲ. ಕೈಯಲ್ಲಿ ಆಯುಧವಿಲ್ಲದ ಆ ಜನರನ್ನು ಕತ್ತಿಗೆ ಕೊಟ್ಟರು ಎಂದು ಆಟದೊಳಗಿನ ಇತಿಹಾಸವೇ ದಾಖಲಿಸುತ್ತದೆ. ಮತಾಂತರ ಎಂಬ ಶಬ್ದ ಕೇಳಿದರೆ ಸಾಕು ಕೆಲವರ ಕಣ್ಣು ಯಾಕೆ ಕೆಂಪಾಗುತ್ತದೆ ಎಂದು ಕೇಳುವವರು ಈ ಪುಟವನ್ನು ಓದಬೇಕು. ಧರ್ಮ ಬಿಟ್ಟುಹೋದವನು ಸಂಸ್ಥೆಗೆ ಶತ್ರುವಿಗಿಂತ ದೊಡ್ಡ ಅಪಾಯ. ಬಿಟ್ಟುಹೋಗಬಹುದು ಎಂಬುದನ್ನು ಅವನು ಮಿಕ್ಕವರಿಗೆ ತೋರಿಸಿಕೊಡುತ್ತಾನೆ.

ಚಾಂಟ್ರಿಯ ಪರ ವಾದಿಸುವವರ ಮಾತಿನಲ್ಲೂ ಹುರುಳಿದೆ. ಮೊದಲು ಕೈ ಮಾಡಿದ್ದು ಎಲ್ಫ್‌ಗಳು ಎನ್ನುತ್ತಾರೆ. ಅದಕ್ಕೂ ಮೊದಲು, ಪಿಶಾಚಿಗಳು ನೆರೆಯ ಮಾನ್ಸಿಮಾರ್ಡ್ ನಗರವನ್ನು ಹಾಳುಗೆಡವಿದಾಗ ಎಲ್ಫ್‌ಗಳ ಸೈನ್ಯ ಗಡಿಯಲ್ಲಿ ನಿಂತು ನೋಡುತ್ತಿತ್ತು ಎನ್ನುತ್ತಾರೆ. ಯುದ್ಧ ಮಾಡಿದ್ದು ರಾಜರು, ಚಾಂಟ್ರಿ ಬರೀ ಹರಸಿತು ಎನ್ನುತ್ತಾರೆ. ಯುದ್ಧಗಳು ಅಪರೂಪ, ಅನ್ನದಾನ ದಿನನಿತ್ಯದ್ದು, ಲೆಕ್ಕ ಹಾಕಿದರೆ ಉಳಿದ ಜೀವಗಳೇ ಹೆಚ್ಚು ಎನ್ನುತ್ತಾರೆ. ಕೊನೆಯ ವಾದ ಎಲ್ಲಕ್ಕಿಂತ ಗಟ್ಟಿ. ಅದನ್ನೇ ಹಿಡಿದು ಮುಂದೆ ಹೋಗೋಣ.

5

ತೂಕ ಮಾಡಲು ತಕ್ಕಡಿ ಬೇಕು. ತಕ್ಕಡಿಯ ಎರಡು ತಟ್ಟೆಗಳೂ ಬೇರೆಬೇರೆ ಆಗಿರಬೇಕು. ಒಂದರಲ್ಲಿ ಇಟ್ಟದ್ದು ಇನ್ನೊಂದರಿಂದ ತೆಗೆದದ್ದಾದರೆ ಅದು ತೂಕವಲ್ಲ, ಮೋಸ. ಚಾಂಟ್ರಿಯ ದಾನ ಮತ್ತು ಯುದ್ಧದ ಲೆಕ್ಕದಲ್ಲಿ ಆಗಿರುವುದು ಇದೇ.

ಡೇಲ್ಸ್ ನಾಡಿನ ಎಲ್ಫ್‌ಗೆ ಯುದ್ಧಕ್ಕೆ ಮುಂಚೆ ಹೊಲವಿತ್ತು, ಮನೆ ಇತ್ತು, ದೇವರಿತ್ತು. ಅವನಿಗೆ ಚಾಂಟ್ರಿಯ ಗಂಜಿ ಬೇಕಿರಲಿಲ್ಲ. ಯುದ್ಧ ಅವನನ್ನು ಕೇರಿಗೆ ತಂದು ಹಾಕಿತು. ಕೇರಿಗೆ ಬಂದಮೇಲೆ ಅವನು ಹಸಿದ, ಕಾಯಿಲೆ ಬಿದ್ದ, ಅವನ ಮಕ್ಕಳು ಅನಾಥರಾದರು. ಆಗ ಕರುಣೆ ಬಂತು. ಮೊದಲು ನೆಲ ಕಿತ್ತುಕೊಂಡು ಆಮೇಲೆ ಗಂಜಿ ಕೊಟ್ಟದ್ದನ್ನು ಪುಣ್ಯದ ಪಟ್ಟಿಯಲ್ಲಿ ಬರೆದುಕೊಳ್ಳಬಹುದೇ? ಸಾಲಗಾರನೇ ಸಾಹುಕಾರನ ವೇಷದಲ್ಲಿ ಬಂದು ನಿಂತ ಹಾಗೆ ಇದು.

ಕೇರಿಯ ಒಳಗಿನ ಒಂದು ದೃಶ್ಯ ನೋಡಿ. 2009ರ ಆಟದಲ್ಲಿ ಆಟಗಾರ ಬೇಕೆಂದರೆ ಡೆನೆರಿಮ್ ನಗರದ ಏಲಿಯನೇಜಿನ ಎಲ್ಫ್ ಆಗಿ ಹುಟ್ಟಬಹುದು. ಕಥೆ ಶುರುವಾಗುವುದು ಮದುವೆ ದಿನ. ಕೇರಿಯ ನಡುವೆ ಒಂದು ದೊಡ್ಡ ಮರ, ಹಿರಿಯ ವಲೆಂಡ್ರಿಯನ್, ನೆಂಟರಿಷ್ಟರು, ಕುಡಿತ, ನಗು. ಮದುವೆ ಮಾಡಿಸಲು ಚಾಂಟ್ರಿಯ ಮದರ್ ಬೋವನ್ ಬಂದಿದ್ದಾಳೆ. ಒಳ್ಳೆಯ ಹೆಂಗಸು. ಆಗ ನಗರದ ಪ್ರಭುವಿನ ಮಗ ವಾನ್ ತನ್ನ ಗೆಳೆಯರನ್ನು, ಕಾವಲಿನವರನ್ನು ಕಟ್ಟಿಕೊಂಡು ಬಂದು ಮದುವೆ ಹೆಣ್ಣುಗಳನ್ನು ಎಳೆದುಕೊಂಡು ಹೋಗುತ್ತಾನೆ. ಬೋವನ್ ಬೇಡವೆನ್ನುತ್ತಾಳೆ. ಅವನು ಕೇಳುವುದಿಲ್ಲ. ಅಷ್ಟೇ. ಒಂದು ನಾಡನ್ನೇ ಅಳಿಸಲು ಹಲವು ದೇಶಗಳ ಸೈನ್ಯ ಎಬ್ಬಿಸಬಲ್ಲ ಸಂಸ್ಥೆಗೆ, ಕೇರಿಯ ಹೆಣ್ಣೊಬ್ಬಳ ಮಾನ ಉಳಿಸಲು ಒಬ್ಬ ಯೋಧನೂ ಸಿಗುವುದಿಲ್ಲ. ಅದರ ಶಕ್ತಿ ಯಾವಾಗ ಎದ್ದು ನಿಲ್ಲುತ್ತದೆ, ಯಾವಾಗ ಬರೀ ಕಣ್ಣೀರಾಗುತ್ತದೆ ಎಂಬುದನ್ನು ಗಮನಿಸಿ. ಸಂಸ್ಥೆಯ ನಿಜವಾದ ಧರ್ಮ ಅಲ್ಲಿ ತಿಳಿಯುತ್ತದೆ.

ಅದೇ ಕೇರಿಯಲ್ಲಿ ಮುಂದೆ ಇನ್ನೊಂದು ನಡೆಯುತ್ತದೆ. ರೋಗ ಬಂದಿದೆ ಎಂಬ ನೆಪದಲ್ಲಿ ಟೆವಿಂಟರಿನಿಂದ ವೈದ್ಯರು ಬರುತ್ತಾರೆ. ಚಿಕಿತ್ಸೆಗೆಂದು ಒಳಗೆ ಹೋದ ಎಲ್ಫ್‌ಗಳು ಹೊರಗೆ ಬರುವುದಿಲ್ಲ. ಬಂದವರು ವೈದ್ಯರಲ್ಲ, ಗುಲಾಮರನ್ನು ಕೊಳ್ಳುವ ವ್ಯಾಪಾರಿಗಳು. ಮಾರುತ್ತಿರುವವನು ಯುದ್ಧಕ್ಕೆ ಹಣ ಬೇಕಾದ ಆಳುವವನು. ಇದು ಚಾಂಟ್ರಿಯ ಕೆಲಸವಲ್ಲ, ಅದನ್ನು ಅದರ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಈ ಪ್ರಸಂಗ ಒಂದು ವಿಷಯ ಕಲಿಸುತ್ತದೆ. ಹಕ್ಕಿಲ್ಲದ ಜನ ಬರುವ ಕೈ ಯಾವುದು ಎಂದು ಪರೀಕ್ಷಿಸಲಾರರು. ಚಿಕಿತ್ಸೆಯ ವೇಷದಲ್ಲಿ ಸಂಕೋಲೆ ಬಂದರೂ ಸಾಲಿನಲ್ಲಿ ನಿಲ್ಲಲೇಬೇಕು. ದಾನ ನಂಬಿ ಬದುಕುವ ಸ್ಥಿತಿಯೇ ಅವರ ನಿಜವಾದ ಅಪಾಯ.

ಇದು ಬರೀ ಆಟದ ಕಲ್ಪನೆ ಎನ್ನುವವರಿಗೆ ಇತಿಹಾಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಚಾಂಟ್ರಿಯನ್ನು ಕಟ್ಟಿದವರ ಕಣ್ಣ ಮುಂದೆ ಮಧ್ಯಯುಗದ ಯುರೋಪಿನ ಚರ್ಚು ಇತ್ತು ಎಂಬುದು ಯಾರಿಗಾದರೂ ಕಾಣುತ್ತದೆ. ಚಾಂಟ್ರಿಯ ಯೋಧರಿಗೆ ಟೆಂಪ್ಲರ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಜೆರುಸಲೇಮಿನಲ್ಲಿ ಸಂತ ಜಾನ್‌ರ ಆಸ್ಪತ್ರೆ ಎಂಬುದೊಂದಿತ್ತು. ಬಡ ಯಾತ್ರಿಕರನ್ನು, ರೋಗಿಗಳನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ರೋಗಿಗಳನ್ನು ಅವರು ತಮ್ಮ ಒಡೆಯರು ಎಂದೇ ಕರೆಯುತ್ತಿದ್ದರು. 1113ರಲ್ಲಿ ಪೋಪ್ ಎರಡನೇ ಪಾಸ್ಕಲ್ ಅದಕ್ಕೆ ಮನ್ನಣೆ ಕೊಟ್ಟ. ಅದೇ ಶತಮಾನದಲ್ಲಿ ಆ ಸಂಘ ಕತ್ತಿ ಹಿಡಿಯಿತು, ಕೋಟೆಗಳನ್ನು ಪಡೆಯಿತು. ಸಿರಿಯಾದ ಕ್ರಾಕ್ ಡೆ ಶೆವಲಿಯೆ ಎಂಬ ದೊಡ್ಡ ಕೋಟೆ 1271ರವರೆಗೂ ಅವರದೇ. ಆಸ್ಪತ್ರೆಗೂ ಕೋಟೆಗೂ ಖಜಾನೆ ಒಂದೇ. ಬಡವರ ಹೆಸರಿನಲ್ಲಿ ಬಂದ ಕಾಣಿಕೆ ಕೋಟೆಯ ಕಲ್ಲೂ ಆಯಿತು. ಸೇವೆ ಇಷ್ಟು, ಯುದ್ಧ ಇಷ್ಟು ಅಂತ ಬೇರೆ ಮಾಡಲಿಕ್ಕೆ ಅಲ್ಲಿಯೂ ಆಗುವುದಿಲ್ಲ. ಸೇವೆಯಿಂದ ಬಂದ ಗೌರವ ಕತ್ತಿಗೆ ಒಪ್ಪಿಗೆ ತಂದುಕೊಟ್ಟಿತು.

6

ನನ್ನ ಪ್ರಕಾರ ಚಾಂಟ್ರಿಯ ಅತಿ ದೊಡ್ಡ ಅಪರಾಧ ಡೇಲ್ಸ್‌ನಲ್ಲಿ ಸುರಿದ ರಕ್ತವೂ ಅಲ್ಲ. ಯುದ್ಧ ಮುಗಿದ ಮೇಲೆ ಮಾಡಿದ ಕೆಲಸ.

ಚಾಂಟ್ರಿಯ ಸ್ತೋತ್ರಗ್ರಂಥದಲ್ಲಿ ಶಾರ್ಟನ್‌ನ ಹೆಸರಿನ ಒಂದು ಕಾಂಡವಿತ್ತು. ಆ ಗುಲಾಮನ ಬಂಡಾಯವನ್ನು, ಆಂಡ್ರಾಸ್ತೆಯ ಪಕ್ಕದಲ್ಲಿ ಅವನು ನಿಂತದ್ದನ್ನು ಹಾಡುವ ಕಾಂಡ. ಡೇಲ್ಸ್ ಬಿದ್ದ ಮೇಲೆ ರೆನಾಟಾಳ ಕಾಲದಲ್ಲಿ ಅದನ್ನು ಗ್ರಂಥದಿಂದ ಕಿತ್ತು ಹಾಕಿದರು. ಯಾಕೆ? ಆ ಕಾಂಡ ಇದ್ದರೆ ಪ್ರತಿ ಭಕ್ತನಿಗೂ ಗೊತ್ತಾಗುತ್ತದೆ: ಈ ಧರ್ಮ ಹುಟ್ಟುವಾಗ ಎಲ್ಫ್‌ಗಳು ಜೊತೆಗಿದ್ದರು, ಡೇಲ್ಸ್ ಅವರಿಗೆ ಭಿಕ್ಷೆಯಲ್ಲ, ಪಾಲು. ಕಾಂಡ ಹೋದರೆ ಪಾಲುದಾರ ಹೋಗಿ ಅನಾಗರಿಕ ಉಳಿಯುತ್ತಾನೆ. ಅನಾಗರಿಕನ ಮೇಲೆ ಯುದ್ಧ ಮಾಡಿದರೆ ನ್ಯಾಯ, ಗಂಜಿ ಕೊಟ್ಟರೆ ದಯೆ. ಪುಸ್ತಕ ತಿದ್ದಿದ ಒಂದೇ ಏಟಿಗೆ ಎರಡೂ ಲೆಕ್ಕ ಸರಿಹೋಯಿತು.

ಇದರ ಪಕ್ಕದಲ್ಲಿ ಹೆಸ್ಸಾರಿಯನ್‌ನನ್ನು ಇಟ್ಟು ನೋಡಿ. ಆಂಡ್ರಾಸ್ತೆಯನ್ನು ಸುಡಿಸಿದವನು ಅವನೇ. ಆದರೆ ಕೊನೆಗಳಿಗೆಯಲ್ಲಿ ತಿವಿದ ಅವನ ಕತ್ತಿ ಕರುಣೆಯ ಕತ್ತಿ ಎನಿಸಿಕೊಂಡಿತು, ಟೆಂಪ್ಲರ್ ಯೋಧರ ಎದೆಯ ಮೇಲಿನ ಲಾಂಛನವಾಯಿತು. ಕೊಂದ ಪ್ರಭುವಿನ ಪಶ್ಚಾತ್ತಾಪಕ್ಕೆ ಗ್ರಂಥದಲ್ಲಿ ಜಾಗವಿದೆ, ಜೊತೆಗೆ ಹೋರಾಡಿದ ಗುಲಾಮನ ಹೆಸರಿಗೆ ಇಲ್ಲ. ಧರ್ಮಸಂಸ್ಥೆಗಳಿಗೆ ಕರಗಿದ ಯಜಮಾನ ಬಹಳ ಇಷ್ಟ. ಎದ್ದು ನಿಂತ ಆಳು ಇಷ್ಟವಿಲ್ಲ. ದಾನ ಎಂಬ ವ್ಯವಸ್ಥೆಯ ಒಳಗುಟ್ಟೇ ಇದು. ಅದರ ಕಥಾನಾಯಕ ಯಾವಾಗಲೂ ಕೊಟ್ಟವನು.

ಅಳಿಸಿದ್ದು ಒಂದು ಸಲ ಅಲ್ಲ. 2014ರ ಆಟಕ್ಕೆ 2015ರಲ್ಲಿ ಸೇರಿಸಿದ ಒಂದು ಭಾಗದಲ್ಲಿ ಅಮೆರಿಡನ್ ಎಂಬ ಹಳೆಯ ವೀರನ ಜಾಡು ಹುಡುಕಿಕೊಂಡು ಹೋಗುತ್ತೇವೆ. ಚಾಂಟ್ರಿಗಾಗಿ ದುಡಿದ ದೊಡ್ಡ ಯೋಧ ಎಂದು ಎಲ್ಲರೂ ಹೊಗಳುವವನು. ಹೋಗಿ ನೋಡಿದರೆ ಅವನು ಎಲ್ಫ್, ಮೇಲಾಗಿ ಮಾಂತ್ರಿಕ. ಇತಿಹಾಸ ಅವನ ಸಾಹಸವನ್ನು ಇಟ್ಟುಕೊಂಡು ಅವನ ಕಿವಿಯನ್ನು ಕತ್ತರಿಸಿ ಹಾಕಿತ್ತು. ನಮ್ಮವರ ಸಾಧನೆ ಬೇಕು, ನಮ್ಮ ಗುರುತು ಬೇಡ ಎಂಬುದು ನಮಗೇನು ಹೊಸದೇ?

ಚಾಂಟ್ರಿಯ ಕೈಗೆ ಸಿಗದ ಒಂದು ಜಾಗದಲ್ಲಿ ಮಾತ್ರ ಶಾರ್ಟನ್ ಉಳಿದಿದ್ದಾನೆ. ಆಂಡ್ರಾಸ್ತೆಯ ಬೂದಿಯನ್ನು ಇಟ್ಟ ಬೆಟ್ಟದ ಮೇಲಿನ ಹಳೆಯ ಗುಡಿಯಲ್ಲಿ ಯಾತ್ರಿಕರಿಗೆ ಒಗಟು ಹಾಕುವ ನೆರಳುಗಳಿವೆ. ಅವಳ ತಾಯಿ, ಗಂಡ, ಶಿಷ್ಯರ ಸಾಲಿನಲ್ಲಿ ಅವನೂ ನಿಂತಿದ್ದಾನೆ. ಪೀಠ ಅಳಿಸಿದ್ದನ್ನು ಮೂಲದ ಗುಡಿ ಅಳಿಸಿಲ್ಲ. ಸಂಸ್ಥೆ ಬೇರೆ, ಅದು ಯಾರ ಹೆಸರು ಹೇಳುತ್ತದೋ ಅವರ ಮಾತು ಬೇರೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಜಾಗಗಳು ಕಡಿಮೆ.

7

ಇಲ್ಲಿ ನಮ್ಮ ಕಡೆಗೂ ಒಂದು ಎಚ್ಚರ ಬೇಕು. ತುಳಿತಕ್ಕೆ ಸಿಕ್ಕವರನ್ನು ಪರಿಶುದ್ಧರೆಂದು ತೋರಿಸುವ ಆಸೆ ವಿಮರ್ಶಕನಿಗೆ ಬರುತ್ತದೆ. ಈ ಕಥೆ ಅದಕ್ಕೆ ಅವಕಾಶ ಕೊಡುವುದಿಲ್ಲ. 2014ರ ಆಟದಲ್ಲಿ ಒಂದು ಹಳೆಯ ಗೋರಿಯೊಳಗೆ ರೆಡ್ ಕ್ರಾಸಿಂಗಿನ ನಿಜ ಸಂಗತಿ ಸಿಗುತ್ತದೆ. ಎಲಾಂಡ್ರಿನ್ ಎಂಬ ಎಲ್ಫ್ ಯೋಧ ಆ ಹಳ್ಳಿಯ ಅಡಲೀನ್ ಎಂಬ ಹುಡುಗಿಯನ್ನು ಪ್ರೀತಿಸಿ ಅವಳ ಧರ್ಮಕ್ಕೆ ಸೇರಲು ಹೊರಟಿದ್ದ. ಅವನನ್ನು ವಾಪಸು ಕರೆತರಲು ಬಂದ ಎಲ್ಫ್‌ಗಳ ಕೈಯಲ್ಲಿ ಹುಡುಗಿ ಸತ್ತಳು, ರೊಚ್ಚಿಗೆದ್ದ ಹಳ್ಳಿಯವರ ಕೈಯಲ್ಲಿ ಹುಡುಗ ಸತ್ತ, ಆಮೇಲೆ ಹಳ್ಳಿಯೇ ಸತ್ತಿತು. ನಮ್ಮಲ್ಲಿ ಜಾತಿ ಮೀರಿ ಮದುವೆಯಾದವರ ಸುದ್ದಿ ಓದುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪ್ರೇಮದ ಮೇಲೆ ಎರಡು ಕಡೆಯ ಕಾವಲುಗಾರರು ಮಾಡಿದ ಕೊಲೆಗಳನ್ನು ಎರಡು ಧರ್ಮಗಳ ಯುದ್ಧ ಎಂದು ಬರೆದುಕೊಂಡರು.

ಅಷ್ಟೇ ಅಲ್ಲ. ಕಾಡಿನ ಡೇಲಿಶ್‌ಗಳು ಕೇರಿಯ ಎಲ್ಫ್‌ಗಳನ್ನು ಚಪ್ಪಟೆ ಕಿವಿಯವರು ಎಂದು ಹಂಗಿಸುತ್ತಾರೆ. ಮನುಷ್ಯರು ಚೂರಿ ಕಿವಿ ಎಂದು ಬೈಯುತ್ತಾರೆ. ಕೇರಿಯವನಿಗೆ ಎರಡು ಕಡೆಯಿಂದಲೂ ಬೈಗುಳ. ಡೇಲಿಶ್‌ಗಳು ಅಭಿಮಾನದಿಂದ ಮುಖಕ್ಕೆ ಹಾಕಿಸಿಕೊಳ್ಳುವ ಹಚ್ಚೆ, ಹಿಂದಿನ ಕಾಲದಲ್ಲಿ ಎಲ್ಫ್ ಪ್ರಭುಗಳು ತಮ್ಮ ಗುಲಾಮರಿಗೆ ಹಾಕಿಸುತ್ತಿದ್ದ ಗುರುತು ಎಂಬುದೂ ಮುಂದೆ ಬಯಲಾಗುತ್ತದೆ. ಕಳೆದುಹೋದ ಸುವರ್ಣಯುಗದಲ್ಲೂ ಆಳು ಆಳಾಗಿಯೇ ಇದ್ದ.

ಹಾಗಾದರೆ ಚಾಂಟ್ರಿ ಗೆದ್ದಿತೇ? ಖಂಡಿತ ಇಲ್ಲ. ಹಕ್ಕು ಕೇಳುವವನು ಮೊದಲು ತನ್ನ ಪೂರ್ವಜರ ಶೀಲಪತ್ರ ತರಬೇಕು ಎಂಬ ಷರತ್ತೇ ತಪ್ಪು. ಮೇಲಿನವರಿಗೆ ಯಾರೂ ಆ ಷರತ್ತು ಹಾಕುವುದಿಲ್ಲ. ರೆಡ್ ಕ್ರಾಸಿಂಗಿನ ಕೊಲೆಗಾರರಿಗೆ ಶಿಕ್ಷೆಯಾಗಬೇಕಿತ್ತು. ಅದಕ್ಕಾಗಿ ಒಂದು ಜನಾಂಗದ ನೆಲ, ದೇವರು, ಹಾಡು ಎಲ್ಲವನ್ನೂ ಕಿತ್ತುಕೊಂಡು ಶತಮಾನಗಳ ಕಾಲ ಗೋಡೆಯೊಳಗೆ ಕೂಡಿಹಾಕಿದ್ದು ಶಿಕ್ಷೆಯಲ್ಲ, ಅದು ವ್ಯವಸ್ಥೆ.

8

ಈಗ ಅಂಬೇಡ್ಕರರ ಹತ್ತಿರ ಬರುತ್ತೇನೆ. ದಾನ ಮತ್ತು ಹಕ್ಕಿನ ಈ ಪ್ರಶ್ನೆಯನ್ನು ಅವರಷ್ಟು ನೇರವಾಗಿ ಎದುರಿಸಿದವರಿಲ್ಲ. 1932ರ ಸೆಪ್ಟೆಂಬರಿನ ಪುಣೆ ಒಪ್ಪಂದದ ಬೆನ್ನಿಗೇ ಅಸ್ಪೃಶ್ಯತಾ ವಿರೋಧಿ ಸಂಘವೊಂದು ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘವಾಯಿತು. ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ನವೆಂಬರಿನಲ್ಲಿ ಮೂರನೇ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದ ಅಂಬೇಡ್ಕರ್ ಹಡಗಿನಿಂದಲೇ ಠಕ್ಕರರಿಗೆ ಒಂದು ದೀರ್ಘ ಪತ್ರ ಬರೆದರು. ಅದರ ಸಾರ ಹೀಗಿದೆ: ಅಸ್ಪೃಶ್ಯನ ಸ್ಥಿತಿಗೆ ಅವನ ನಡತೆಯೇ ಕಾರಣ ಎಂದುಕೊಂಡರೆ ಅವನಿಗೆ ಶಾಲೆ, ಗ್ರಂಥಾಲಯ, ಪಾನನಿರೋಧದ ಬೋಧನೆ ಕೊಟ್ಟು ತಿದ್ದುತ್ತಾ ಕೂರಬಹುದು. ಅವನ ಸುತ್ತಲಿನ ಸಮಾಜವೇ ಕಾರಣ ಎಂದು ಒಪ್ಪಿದರೆ ಊರ ಬಾವಿಯಲ್ಲಿ ನೀರು ಸೇದುವ, ಊರ ಶಾಲೆಯಲ್ಲಿ ಕೂರುವ ಹಕ್ಕಿಗಾಗಿ ಪ್ರತಿ ಹಳ್ಳಿಯಲ್ಲೂ ಹೋರಾಡಬೇಕು. ಆಗ ಜಗಳವೂ ಆದೀತು, ಅದಕ್ಕೆ ಸಂಘ ತಯಾರಿರಬೇಕು. ಸಂಘ ಆ ಎರಡನೇ ದಾರಿಗೆ ಬರಲಿಲ್ಲ. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕದಲ್ಲಿ ಅಂಬೇಡ್ಕರ್ ಆ ಸೇವೆಯನ್ನು ಮತ್ತೆ ಪರಿಶೀಲಿಸಿ, ಅದು ಅಸ್ಪೃಶ್ಯರನ್ನು ಸ್ವತಂತ್ರರನ್ನಾಗಿ ಮಾಡುವುದಲ್ಲ, ತನ್ನ ಹಂಗಿನಲ್ಲಿ ಇಟ್ಟುಕೊಳ್ಳುವುದು ಎಂಬ ತೀರ್ಮಾನಕ್ಕೆ ಬಂದರು.

ಗಮನಿಸಿ: 1927ರಲ್ಲಿ ಮಹಾಡ್‌ನ ಚವದಾರ್ ಕೆರೆಗೆ ನಡೆದುಹೋದ ಜನ ಯಾರಾದರೂ ನೀರು ಕೊಡಲಿ ಎಂದು ಕೇಳಲು ಹೋಗಲಿಲ್ಲ. ತಾವೇ ಬಗ್ಗಿ ಬೊಗಸೆಯಲ್ಲಿ ಎತ್ತಿ ಕುಡಿಯಲು ಹೋದರು. ಕೊಡದಲ್ಲಿ ತಂದು ಹೊಯ್ದ ನೀರಿಗೂ ತಾನೇ ಮೊಗೆದುಕೊಂಡ ನೀರಿಗೂ ರುಚಿ ಒಂದೇ. ಆದರೆ ಕುಡಿದ ಮೇಲೆ ಎದ್ದು ನಿಲ್ಲುವ ಮನುಷ್ಯ ಬೇರೆ.

ಆದ್ದರಿಂದ ದಾನ ಹೆಚ್ಚೋ ಯುದ್ಧ ಹೆಚ್ಚೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಈ ಎರಡನ್ನು ತೂಗಿ ನೋಡುವ ಅಧಿಕಾರ ದಾನ ಮಾಡಿದ ಸಂಸ್ಥೆಗೂ ಇಲ್ಲ, ಅದರ ಭಕ್ತರಿಗೂ ಇಲ್ಲ. ಸಂಸ್ಥೆಯನ್ನು ಅಳೆಯಲು ಬೇರೆ ಪ್ರಶ್ನೆಗಳನ್ನು ಕೇಳಬೇಕು. ಕಿತ್ತುಕೊಂಡ ನೆಲದ ಮಾತು ಎತ್ತುತ್ತೀರಾ? ಕಿತ್ತುಹಾಕಿದ ಕಾಂಡವನ್ನು ಮತ್ತೆ ಹಾಡುತ್ತೀರಾ? ಕೇರಿಯವಳು ನಿಮ್ಮ ಪೀಠದ ಮೇಲೆ ಕೂರಬಹುದಾ? ಆಟದೊಳಗೇ ಇದಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆ. 2014ರ ಆಟದಲ್ಲಿ ಆಟಗಾರನ ನಡೆಗಳನ್ನು ಅನುಸರಿಸಿ ಮೂವರು ಹೆಂಗಸರಲ್ಲಿ ಒಬ್ಬಳು ಡಿವೈನ್ ಆಗುತ್ತಾಳೆ. ಲೆಲಿಯಾನಾ ಆದರೆ ಪೌರೋಹಿತ್ಯವನ್ನು ಎಲ್ಲ ಜನಾಂಗಗಳಿಗೂ ತೆರೆಯುತ್ತಾಳೆ. ಮೊದಲ ಆಟದಲ್ಲಿ ಕೇರಿಯಿಂದ ಬಂದ ಎಲ್ಫ್ ಪಿಶಾಚಿಗಳನ್ನು ಗೆದ್ದ ಮೇಲೆ ತನ್ನ ಕೇರಿಗೆ ರಾಜಸಭೆಯಲ್ಲಿ ಒಂದು ಸ್ಥಾನ ಕೇಳಬಹುದು. ಅದನ್ನು ಕೊಡುವುದು ಚಾಂಟ್ರಿಯಲ್ಲ, ಸಿಂಹಾಸನ. ಒಂದು ಸ್ಥಾನಕ್ಕಾಗಿ ಇಡೀ ದೇಶವನ್ನೇ ಉಳಿಸಿಕೊಡಬೇಕಾಯಿತಲ್ಲ ಎಂದು ನಮ್ಮವರು ನಗಬಹುದು. ಆದರೂ ಅದು ಗಂಜಿಯಲ್ಲ, ಸ್ಥಾನ. ಕೇಳಿ ಪಡೆದದ್ದು, ಗೆದ್ದು ಪಡೆದದ್ದು.

ನಾನು ಉಂಡ ಹಾಸ್ಟೆಲಿನಲ್ಲಿ ವರ್ಷಕ್ಕೊಮ್ಮೆ ದಾನಿಗಳ ದಿನ ಇರುತ್ತಿತ್ತು. ನಮ್ಮನ್ನು ಸಾಲಾಗಿ ನಿಲ್ಲಿಸಿ ಕೃತಜ್ಞತೆಯ ಹಾಡು ಹೇಳಿಸುತ್ತಿದ್ದರು. ಹಾಡಿನಲ್ಲಿ ತಪ್ಪೇನಿರಲಿಲ್ಲ. ಆ ಸಂಸ್ಥೆಯ ಹೊಲಗಳಲ್ಲಿ ದುಡಿದವರು ಯಾರು, ಆ ಅಕ್ಕಿ ರಾಗಿ ಬೆಳೆದವರು ಯಾರು ಎಂಬುದು ಮಾತ್ರ ಆ ಹಾಡಿನಲ್ಲಿ ಇರಲಿಲ್ಲ. ಚಾಂಟ್ರಿಯ ಗ್ರಂಥದಿಂದ ಬಿಟ್ಟುಹೋದ ಕಾಂಡದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಆ ಹಾಡಿನಿಂದ ಬಿಟ್ಟುಹೋದ ಹೆಸರುಗಳು.

ಧರ್ಮಸಂಸ್ಥೆಗಳ ಸೇವೆಯನ್ನು ಬೇಡವೆನ್ನುವ ಸ್ಥಿತಿಯಲ್ಲಿ ನಮ್ಮ ಬಹಳಷ್ಟು ಮಕ್ಕಳು ಇಲ್ಲ. ಉಣ್ಣಲಿ, ಓದಲಿ, ಬೆಳೆಯಲಿ. ಆದರೆ ಉಂಡದ್ದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಕರಾರನ್ನು ಒಪ್ಪಬೇಕಾಗಿಲ್ಲ. ಅನ್ನದ ಋಣ ಬಡಿಸಿದ ಕೈಗಿಂತ ಬೆಳೆದ ಕೈಗೆ ಹೆಚ್ಚು. ಬೆಳೆದ ಕೈ ಯಾರದ್ದು ಎಂದು ಹುಡುಕುತ್ತಾ ಹೋದರೆ ಅದು ಬಹಳ ಸಲ ನಮ್ಮ ಅಪ್ಪ ಅವ್ವಂದಿರದ್ದೇ ಆಗಿರುತ್ತದೆ.